ಫ್ರೀಜರ್‌ನಲ್ಲಿ ಬಿಯರ್ ಇಟ್ಟು ಮರೆತೆ. ಬಾಟಲಿ ಹೋಯಿತು, ಅವರೆಕಾಳು ಹೋಯಿತು, ಈಗ ಫ್ರಿಡ್ಜೂ ಹೋದಂಗಿದೆ

ಮೂರನೇ ಸ್ಟೇಜ್ (ಭಾನುವಾರ, ಮಧ್ಯಾಹ್ನ 2:10)

ನಮಸ್ಕಾರ. ತಲೆಬರಹ ನೋಡಿ ನಗಬೇಡಿ. ನಗಲೇಬೇಕು ಅಂದರೆ ಪೂರ್ತಿ ಓದಿ ಆಮೇಲೆ ನಗಿ.

ನಿನ್ನೆ ರಾತ್ರಿ ಆರ್‌ಸಿಬಿ ಮ್ಯಾಚ್ ಇತ್ತು. ಸಂಜೆ ಆರೂವರೆಗೆ ವೈನ್ ಸ್ಟೋರ್‌ಗೆ ಹೋದರೆ "ಕೂಲಿಂಗ್ ಖಾಲಿ ಸಾರ್, ಬೇಕಿದ್ರೆ ಹಂಗೇ ತಗೊಳಿ" ಅಂದ. ಈ ಬಿಸಿಲಿಗೆ ಇಡೀ ಬನಶಂಕರಿಗೆ ತಣ್ಣಗಿನದೇ ಬೇಕು, ಅವನೇನು ಮಾಡುತ್ತಾನೆ ಪಾಪ. ಮೂರು ದೊಡ್ಡ ಬಾಟಲಿ ತಂದೆ, 650 ಮಿಲಿಯವು. ಎರಡು ಮೈಲ್ಡ್, ಒಂದು ಸ್ಟ್ರಾಂಗ್.

ನಮ್ಮದು ಸಿಂಗಲ್ ಡೋರ್ ಫ್ರಿಡ್ಜ್. ಮೇಲಿನ ಫ್ರೀಜರ್ ಪೂರ್ತಿ ಅಮ್ಮನ ರಾಜ್ಯ. ತೆಂಗಿನತುರಿ, ಬಟಾಣಿ, ಜೊತೆಗೆ ಜನವರಿಯಲ್ಲಿ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಹಿತಕಿದ ಅವರೆಕಾಳು, ನಾಲ್ಕು ಪ್ಯಾಕೆಟ್. ಎಲ್ಲ ಒಂದು ಕಡೆ ಒತ್ತರಿಸಿ ಮೂರೂ ಬಾಟಲಿ ಮಲಗಿಸಿದೆ. ಒಂದು ಗಂಟೆ ಬಿಟ್ಟು ತೆಗೆಯೋಣ ಅಂತ ಲೆಕ್ಕ. ಅಷ್ಟರಲ್ಲಿ ನನ್ನ ಸ್ನೇಹಿತ ಎಲ್ಲೆಲ್ಲೋ ಸುತ್ತಿ ಕೂಲಿಂಗ್ ಇರುವ ಕ್ಯಾನ್ ತಂದ. ಅಲ್ಲಿಗೆ ಬಾಟಲಿಗಳ ನೆನಪು ಹೋಯಿತು.

ಬೆಳಿಗ್ಗೆ ಆರಕ್ಕೆ ಅಮ್ಮ ಚಟ್ನಿಗೆ ತೆಂಗಿನತುರಿ ತೆಗೆಯಲು ಫ್ರೀಜರ್ ಬಾಗಿಲು ತೆಗೆದರು. ಒಂದು ಬಾಟಲಿಯ ತಳವೇ ಇಲ್ಲ. ಎಲ್ಲೆಲ್ಲೂ ಕಂದು ಗಾಜು, ಅದರ ಮೇಲೆ ಹಳದಿ ಐಸು. ಇನ್ನೊಂದು ಒಡೆದಿಲ್ಲ, ಆದರೆ ಫ್ರೀಜರ್ ತಳಕ್ಕೆ ಅಂಟಿಕೊಂಡಿದೆ. ಸ್ಟ್ರಾಂಗ್ ಬಾಟಲಿಯ ಮುಚ್ಚಳ ಒಂದು ಕಡೆ ಎದ್ದಿದೆ. ಅಮ್ಮ ಒಂದೇ ಮಾತು ಹೇಳಿದರು: "ಇದೇನು ಅಂತ ನಾನು ಕೇಳಲ್ಲ. ಅವರೆಕಾಳು ತಿನ್ನಬಹುದಾ ಅಂತ ಅಷ್ಟೇ ಕೇಳ್ತೀನಿ."

ನನಗೆ ಗಾಬರಿ. ಅವರು ಸ್ನಾನಕ್ಕೆ ಹೋದಾಗ ತರಕಾರಿ ಚಾಕು ತೂರಿಸಿ ಅಂಟಿದ ಬಾಟಲಿಯನ್ನು ಮೀಟಿದೆ. 'ಸುಸ್ಸ್' ಅಂತ ಒಂದು ಶಬ್ದ ಬಂತು, ಐದಾರು ಸೆಕೆಂಡ್. ಬಿಯರ್ ಗ್ಯಾಸ್ ಇರಬೇಕು ಅಂದುಕೊಂಡೆ. ಈಗ ನೋಡಿದರೆ ಹಾಲು ಬೆಚ್ಚಗಿದೆ, ಫ್ರಿಡ್ಜ್ ಒಂದೇ ಸಮನೆ ಗುಂಯ್ ಅನ್ನುತ್ತಿದೆ, ತಣ್ಣಗೆ ಮಾತ್ರ ಆಗುತ್ತಿಲ್ಲ. ಏನಾಯಿತು? ಅವರೆಕಾಳು ಉಳಿಯುತ್ತದಾ? ಒಡೆಯದೆ ಉಳಿದ ಬಾಟಲಿ ಕುಡಿಯಬಹುದಾ?

ಫ್ರಿಡ್ಜ್ ರಿಪೇರಿಯವನು (2:16)

ಅಣ್ಣಾ, ಉಳಿದಿದ್ದೆಲ್ಲ ಆಮೇಲೆ. ಆ 'ಸುಸ್ಸ್' ಬಾಟಲಿದಲ್ಲ, ತಂಪು ಮಾಡುವ ಗ್ಯಾಸ್ ಓಡಾಡುವ ಕಾಯಿಲ್ ತೂತಾಗಿದೆ.

ಈಗಲೇ ಅಡುಗೆಮನೆ ಕಿಟಕಿ, ಬಾಗಿಲು ಎಲ್ಲ ತೆಗೆಯಿರಿ. ಫ್ರಿಡ್ಜ್ ಬಾಗಿಲನ್ನೂ ತೆರೆದಿಡಿ. ಒಲೆ ಹಚ್ಚಬೇಡಿ, ಊದುಬತ್ತಿಯೂ ಬೇಡ. ಫ್ರಿಡ್ಜ್ ಪಕ್ಕದ ಸ್ವಿಚ್ ಮುಟ್ಟಬೇಡಿ, ಮೀಟರ್ ಬೋರ್ಡ್ ಹತ್ತಿರ ಹೋಗಿ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಆಮೇಲೆ ಫ್ರಿಡ್ಜ್ ಹಿಂದೆ ಕಂಪ್ರೆಸರ್ ಮೇಲಿನ ಸ್ಟಿಕ್ಕರ್ ಓದಿ, ಒಳಗೆ ಯಾವ ಗ್ಯಾಸ್ ಅಂತ ಬರೆದಿರುತ್ತದೆ. ಆರ್ 134ಎ ಅಂತಿದ್ದರೆ ಉರಿಯುವ ಭಯ ಇಲ್ಲ. ಆರ್ 600ಎ ಅಂತಿದ್ದರೆ ಅದು ಐಸೋಬ್ಯೂಟೇನ್, ನಿಮ್ಮ ಸಿಲಿಂಡರ್ ಗ್ಯಾಸಿನ ದಾಯಾದಿ. ಈಚಿನ ಫ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ಬೆರೆಸಿರುವುದಿಲ್ಲ. ಹಾಗಾಗಿ ಲೀಕ್ ಆದರೂ ಮೂಗಿಗೆ ಗೊತ್ತಾಗುವುದಿಲ್ಲ.

ಮೂರನೇ ಸ್ಟೇಜ್ (2:31)

ಎಂಸಿಬಿ ಇಳಿಸಿದೆ. ಸ್ಟಿಕ್ಕರ್ ಓದಿದೆ. ಆರ್ 600ಎ. ಬೆಳಿಗ್ಗೆಯಿಂದ ಅಮ್ಮ ಅದೇ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದ್ದಾರೆ. ನನಗೆ ಈಗ ಕೈಕಾಲು ತಣ್ಣಗಾಗಿದೆ, ಅದೊಂದು ಮಾತ್ರ ತಣ್ಣಗಾಗಿರೋದು.

ಫ್ರಿಡ್ಜ್ ರಿಪೇರಿಯವನು (2:44)

ಹೆದರಬೇಡಿ. ಒಟ್ಟು ಗ್ಯಾಸೇ ಹತ್ತಾರು ಗ್ರಾಂ, ಅಷ್ಟೇ. ತೂತಾಗಿ ಏಳೆಂಟು ಗಂಟೆ ಆಯಿತು. ಕಿಟಕಿ ತೆಗೆದಿದ್ದರೆ ಚದುರಿ ಹೋಗಿರುತ್ತದೆ. ಅಪಾಯ ಇರುವುದು ಮೊದಲ ಕೆಲವು ನಿಮಿಷ, ಅದೂ ಮುಚ್ಚಿದ ಜಾಗದಲ್ಲಿ.

ಆದರೆ ಒಂದು ವಿಷಯ ಎಲ್ಲರೂ ತಿಳಿದುಕೊಳ್ಳಿ. ಸಿಂಗಲ್ ಡೋರ್ ಫ್ರಿಡ್ಜ್‌ನಲ್ಲಿ ಫ್ರೀಜರ್ ಡಬ್ಬದ ಗೋಡೆಯೇ ಕಾಯಿಲ್. ಎರಡು ಅಲ್ಯೂಮಿನಿಯಂ ತಗಡು ಒಂದಕ್ಕೊಂದು ಒತ್ತಿರುತ್ತಾರೆ, ಮಧ್ಯದ ಉಬ್ಬಿನಲ್ಲಿ ಗ್ಯಾಸ್ ಓಡಾಡುತ್ತದೆ. ಚಾಕು ಅಲ್ಲ, ದೋಸೆ ಮಗುಚುವ ಕೈ ಜೋರಾಗಿ ತಾಗಿದರೂ ಸಾಕು. ಬೇಸಿಗೆಯಲ್ಲಿ ನನಗೆ ಬರುವ 'ಕೂಲಿಂಗ್ ಇಲ್ಲ' ಫೋನ್‌ಗಳಲ್ಲಿ ಹೀಗೆ ಚಾಕು ಹಾಕಿದವರದ್ದು ಜಾಸ್ತಿ. ಬಾಟಲಿ ಒಡೆದು ಕಾಯಿಲ್ ಹೋದದ್ದು ನಾನು ನೋಡಿಯೇ ಇಲ್ಲ. ಬಾಟಲಿ ತೆಗೆಯಲು ಹೋಗಿ ಕಾಯಿಲ್ ಹೋದದ್ದು ಲೆಕ್ಕ ಇಟ್ಟಿಲ್ಲ.

ನಿಮ್ಮದರಲ್ಲಿ ಇನ್ನೊಂದು ಎಡವಟ್ಟು ಇದೆ. ತೂತಾದ ಮೇಲೆಯೂ ಮಧ್ಯಾಹ್ನದವರೆಗೆ ಕಂಪ್ರೆಸರ್ ಓಡಿದೆ. ಆ ತೂತಿನಿಂದ ಗಾಳಿ, ತೇವ ಎರಡೂ ಒಳಗೆ ಎಳೆದುಕೊಂಡಿರುತ್ತದೆ. ಬರುವವನಿಗೆ ಇದನ್ನು ಹೇಳಿ. ಬರೀ ತೂತು ಮುಚ್ಚಿ ಗ್ಯಾಸ್ ಹೊಡೆದು ಹೋದರೆ ಎರಡು ತಿಂಗಳಿಗೆ ಮತ್ತೆ ಕರೆಯುತ್ತೀರಿ. ಫಿಲ್ಟರ್ ಬದಲಾಯಿಸಿ, ಚೆನ್ನಾಗಿ ವ್ಯಾಕ್ಯೂಮ್ ಮಾಡಿ ಆ ಗಾಳಿ, ತೇವ ಹೊರಗೆ ಎಳೆಯಬೇಕು.

ರಾಜಾಜಿನಗರದ ಸೊಸೆ (3:05)

ಗಂಡಸರೆಲ್ಲ ಫ್ರಿಡ್ಜ್ ಬಗ್ಗೆ ಮಾತಾಡುತ್ತಿದ್ದೀರಿ. ಅಮ್ಮ ಕೇಳಿದ್ದು ಅವರೆಕಾಳು.

ಒಡೆದ ಬಾಟಲಿಯ ಪಕ್ಕ ಇದ್ದ ಪ್ಯಾಕೆಟ್ ಎಲ್ಲ ಎಸೆಯಿರಿ. ತೊಳೆದರೆ ಆಯಿತು ಅನ್ನಬೇಡಿ. ಗಾಜಿನ ದೊಡ್ಡ ಚೂರು ಕಣ್ಣಿಗೆ ಬೀಳುತ್ತದೆ, ಸಣ್ಣದು ಐಸಿನ ಹರಳಿನ ಜೊತೆ ಬೆರೆತರೆ ಯಾವುದು ಗಾಜು ಯಾವುದು ಐಸು ಹೇಳೋಕಾಗಲ್ಲ. ತೆಳು ಪ್ಲಾಸ್ಟಿಕ್ ಕವರ್‌ಗೆ ಸೂಜಿ ಮೊನೆಯಷ್ಟು ತೂತಾದರೂ ಸಾಕು. ಮುಚ್ಚಳ ಭದ್ರವಾಗಿರುವ ಸ್ಟೀಲ್ ಡಬ್ಬಿಯಲ್ಲಿ ಇದ್ದದ್ದು ಮಾತ್ರ ಉಳಿಸಬಹುದು, ಅದೂ ಡಬ್ಬಿಯನ್ನು ಹೊರಗಿನಿಂದ ತೊಳೆದು, ಒರೆಸಿ, ಆಮೇಲೆ ಮುಚ್ಚಳ ತೆಗೆದು.

ಸ್ವಚ್ಛ ಮಾಡುವುದು ಹೇಗೆ ಅಂದರೆ, ಮೊದಲು ಐಸ್ ಪೂರ್ತಿ ಕರಗಲಿ. ಕೈಗೆ ದಪ್ಪ ಗ್ಲೌಸ್ ಹಾಕಿ. ದೊಡ್ಡ ಚೂರು ಆರಿಸಿ, ದಪ್ಪ ಪೇಪರ್‌ನಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ಬರೆದು ಒಣ ಕಸಕ್ಕೆ ಬೇರೆಯಾಗಿ ಕೊಡಿ. ಪೌರಕಾರ್ಮಿಕರ ಕೈ ಕೂಡ ಕೈಯೇ. ಸಣ್ಣ ಚೂರಿಗೆ ಚಪಾತಿ ಹಿಟ್ಟಿನ ಉಂಡೆ ದೊಡ್ಡದಾಗಿ ಮಾಡಿ ಒತ್ತುತ್ತಾ ಬನ್ನಿ, ಅಂಟಿಕೊಂಡು ಬರುತ್ತದೆ. ಗ್ಲೌಸ್ ಮಾತ್ರ ಬಿಚ್ಚಬೇಡಿ. ಕೊನೆಗೆ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಅಡ್ಡಲಾಗಿ ಹಿಡಿಯಿರಿ. ಉಳಿದಿದ್ದರೆ ಮಿನುಗುತ್ತದೆ. ಕೆಳಗಿನ ತರಕಾರಿ ಟ್ರೇ, ಬಾಗಿಲಿನ ರಬ್ಬರ್ ಸಂದು ಎರಡನ್ನೂ ಮರೆಯಬೇಡಿ.

ನಾಲ್ಕು ಪ್ಯಾಕೆಟ್ ಹಿತಕವರೆ! ನೆನೆಸಿಕೊಂಡರೆ ನನಗೇ ಅಳು ಬರುತ್ತಿದೆ.

ಸದಾ ಸನ್ಮಾರ್ಗ (3:12)

ಕುಡಿಯೋದನ್ನೇ ಬಿಟ್ಟಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ರಾಜಾಜಿನಗರದ ಸೊಸೆ (3:14)

ಸಾರ್, ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ. ಹೋದ ವರ್ಷ ಮಗ ಸೋಡಾ ಬಾಟಲಿ ಇಟ್ಟು ಒಡೆಸಿದ. ಗಾಜಿಗೆ ಸನ್ಮಾರ್ಗ ಗೊತ್ತಾಗಲ್ಲ.

ಲ್ಯಾಬ್ ಮೇಷ್ಟ್ರು (3:40)

ಸೊಸೆಯವರು ಸೋಡಾ ಅಂದದ್ದು ಒಳ್ಳೆಯದಾಯಿತು. ಸೋಡಾ ಇನ್ನೂ ಬೇಗ ಒಡೆಯುತ್ತದೆ. ಅದು ಸೊನ್ನೆ ಡಿಗ್ರಿ ಹತ್ತಿರವೇ ಐಸ್ ಆಗುತ್ತದೆ. 5% ಆಲ್ಕೋಹಾಲ್ ಇರುವ ಬಿಯರ್ ಐಸ್ ಆಗಲು ಶುರುವಾಗುವುದು ಮೈನಸ್ 2ರಿಂದ 3ರ ಆಸುಪಾಸು. ಮನೆಯ ಫ್ರೀಜರ್ ಮೈನಸ್ 18ರ ಸುತ್ತ. ಅಂದರೆ ಬಿಯರ್ ಅಲ್ಲಿಗೆ ಹೋದರೆ ಐಸ್ ಆಗುವುದು ಖಂಡಿತ, ಯಾವಾಗ ಅನ್ನುವುದಷ್ಟೇ ಪ್ರಶ್ನೆ.

ಈಗ ಲೆಕ್ಕ ನೋಡಿ. ನೀರು ಐಸ್ ಆದಾಗ ಸುಮಾರು 9% ಹಿಗ್ಗುತ್ತದೆ. 650 ಮಿಲಿಯಲ್ಲಿ ಮುಕ್ಕಾಲು ಭಾಗ ಐಸ್ ಆದರೂ 40 ಮಿಲಿಗಿಂತ ಜಾಸ್ತಿ ಜಾಗ ಬೇಕು. ಬಾಟಲಿಯ ಕತ್ತಿನಲ್ಲಿ ಖಾಲಿ ಇರುವುದು ಅಷ್ಟಿಲ್ಲ, ಕೈಯಲ್ಲಿ ಹಿಡಿದು ನೋಡಿದರೇ ಗೊತ್ತಾಗುತ್ತದೆ. ಗಾಜು ಹಿಗ್ಗುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು ಅಂತಲ್ಲ, ಇನ್ನೊಂದಿದೆ. ಬಿಯರ್‌ನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್‌ಗೆ ಐಸಿನೊಳಗೆ ಜಾಗ ಇಲ್ಲ. ಐಸ್ ಬೆಳೆದ ಹಾಗೆ ಅದು ಉಳಿದ ದ್ರವಕ್ಕೆ, ಅಲ್ಲಿಂದ ಕತ್ತಿನ ಕಡೆಗೆ ನುಗ್ಗುತ್ತದೆ. ಖಾಲಿ ಜಾಗ ಕಡಿಮೆಯಾಗುತ್ತಿದೆ, ಗ್ಯಾಸ್ ಜಾಸ್ತಿಯಾಗುತ್ತಿದೆ. ಸಂಜೆ ಆರೂವರೆಯ ಮೆಜೆಸ್ಟಿಕ್ ಬಸ್ಸು ಅಂದುಕೊಳ್ಳಿ.

ಮೊದಲು ಸೋಲುವುದು ಎಲ್ಲಿ ಬಲ ಕಡಿಮೆಯೋ ಅಲ್ಲಿ. ಕೆಲವು ಸಲ ಮುಚ್ಚಳ ಎದ್ದು ಗ್ಯಾಸ್ ಬಿಡುತ್ತದೆ, ನಿಮ್ಮ ಸ್ಟ್ರಾಂಗ್ ಬಾಟಲಿಗೆ ಆದ ಹಾಗೆ. ಕೆಲವು ಸಲ ತಳ ಹೋಗುತ್ತದೆ. ವಾಪಸ್ ಕೊಟ್ಟು, ತೊಳೆದು, ಮತ್ತೆ ತುಂಬಿಸಿ ಬರುವ ಬಾಟಲಿ ಆದರೆ ಮೈಮೇಲೆ ಗೀರುಗಳಿರುತ್ತವೆ, ಬಿರುಕು ಅಲ್ಲಿಂದ ಶುರುವಾಗುತ್ತದೆ. ಕ್ಯಾನ್ ಆದರೆ ತಳದ ಒಳಗುಬ್ಬು ಹೊರಗೆ ಬರುತ್ತದೆ, ಆಮೇಲೆ ಅಂಚು ಬಿಡುತ್ತದೆ. ಗಾಜಿನಷ್ಟು ಅಪಾಯ ಇಲ್ಲ, ಆದರೆ ಫ್ರೀಜರ್ ತುಂಬ ಬಿಯರ್ ಮಂಜು.

ಸ್ಟ್ರಾಂಗ್ ಪಾರ್ಟಿ (3:52)

ಮೇಷ್ಟ್ರೇ, ಸ್ಟ್ರಾಂಗ್ ಐಸ್ ಆಗಲ್ಲ ಅಂತಾರಲ್ಲ? ನಮ್ಮ ಮಾವ ವಿಸ್ಕಿ ಬಾಟಲಿ ವರ್ಷಪೂರ್ತಿ ಫ್ರೀಜರ್‌ನಲ್ಲೇ ಇಡ್ತಾರೆ, ಏನೂ ಆಗಿಲ್ಲ.

ಲ್ಯಾಬ್ ಮೇಷ್ಟ್ರು (4:01)

ಮಾವನ ವಿಸ್ಕಿಯಲ್ಲಿ 42.8% ಇದೆ. ಅದು ಮನೆಯ ಫ್ರೀಜರ್‌ನಲ್ಲಿ ಐಸ್ ಆಗುವುದಿಲ್ಲ. ನಿಮ್ಮ ಸ್ಟ್ರಾಂಗ್ ಬಿಯರ್‌ನಲ್ಲಿ ಹೆಚ್ಚೆಂದರೆ 8%. ಮೈಲ್ಡ್‌ಗಿಂತ ಒಂದೆರಡು ಡಿಗ್ರಿ ಕೆಳಗೆ ಐಸ್ ಆಗುತ್ತದೆ, ಅಷ್ಟೇ ವ್ಯತ್ಯಾಸ. ಸ್ವಲ್ಪ ನಿಧಾನ. ಮರೆತು ಮಲಗಿದರೆ ಎರಡಕ್ಕೂ ಒಂದೇ ಗತಿ. ಆಲ್ಕೋಹಾಲ್ ಇಲ್ಲದ 'ಜೀರೋ' ಬಿಯರ್ ಇಟ್ಟವರು ಇನ್ನೂ ಜಾಗ್ರತೆ.

ಟೆರೇಸ್ ಗ್ಯಾಂಗ್ (4:20)

ನನಗೆ ಆದದ್ದೇ ಬೇರೆ. ಎರಡು ಗಂಟೆ ಫ್ರೀಜರ್‌ನಲ್ಲಿ ಇದ್ದ ಪೈಂಟ್ (ಚಿಕ್ಕ ಬಾಟಲಿ) ತೆಗೆದೆ. ಒಳಗೆ ನೀರಿನಂತೆ ಓಡಾಡುತ್ತಿತ್ತು, ಒಂದು ಚೂರೂ ಐಸ್ ಇಲ್ಲ. ಖುಷಿಯಿಂದ ಓಪನರ್ ಹಾಕಿದೆ. ಟಪ್ ಅಂದ ಕೂಡಲೇ ಕತ್ತಿನಿಂದ ಕೆಳಗಿನವರೆಗೆ ಬೆಳ್ಳಗೆ ಐಸ್ ಓಡಿತು, ಕಣ್ಣೆದುರಿಗೆ! ಆಮೇಲೆ ನೊರೆ ಉಕ್ಕಿ ಉಕ್ಕಿ ಅರ್ಧ ಬಿಯರ್ ನೆಲಕ್ಕೆ. ಸ್ನೇಹಿತರು ಮಂತ್ರ ಹಾಕಿದೆಯಾ ಅಂತ ಕೇಳಿದರು.

ಲ್ಯಾಬ್ ಮೇಷ್ಟ್ರು (4:33)

ಐಸ್ ಆಗಬೇಕಾದ ಡಿಗ್ರಿಗಿಂತ ಕೆಳಗೆ ಹೋಗಿಯೂ ದ್ರವವಾಗಿ ಉಳಿದಿತ್ತು. ಐಸ್ ಶುರುವಾಗಲು ಒಂದು ನೆಪ ಬೇಕು. ಮುಚ್ಚಳ ತೆಗೆದಾಗ ಎದ್ದ ಗುಳ್ಳೆಗಳೇ ಆ ನೆಪ. ಕುಟ್ಟಿದರೂ ಆಗುತ್ತದೆ. ನೋಡಲು ಚೆಂದ, ನಿಜ. ಆದರೆ ಫ್ರೀಜರ್‌ನಿಂದ ತೆಗೆದ ಬಾಟಲಿಯನ್ನು ಮುಖದ ಹತ್ತಿರ ಹಿಡಿದು ತೆಗೆಯಬೇಡಿ. ಅದಕ್ಕಿಂತ ಮುಖ್ಯ, ಪೂರ್ತಿ ಗಟ್ಟಿಯಾದ ಬಾಟಲಿಯನ್ನು ಬಿಸಿನೀರಿಗೆ ಅದ್ದಬೇಡಿ. ಗಾಜಿನ ಹೊರಗೆ ಬಿಸಿ, ಒಳಗೆ ಐಸ್. ಕೈಯಲ್ಲೇ ಸೀಳುತ್ತದೆ.

ಗಾಂಧಿ ಬಜಾರ್ ಅಜ್ಜ (4:40)

ನಿಮ್ಮ ಗದ್ದಲವೆಲ್ಲ ಓದಿದೆ. ಒಂದು ಬಕೆಟ್ ನೀರಿನಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ರಾಮಾಯಣವೇ?

ರಾತ್ರಿ ಗಂಟೆ ಬಾರಿಸಿಕೊಂಡು ಬರುವ ಕುಲ್ಫಿಯವನ ಮಡಕೆ ನೋಡಿದ್ದೀರಲ್ಲ? ಅವನ ಹತ್ತಿರ ಯಾವ ಫ್ರೀಜರ್ ಇತ್ತು? ಐಸು, ಕಲ್ಲುಪ್ಪು, ಮೇಲೊಂದು ಬಟ್ಟೆ. ನಮ್ಮ ಕಾಲದಲ್ಲಿ ಮನೆಯಲ್ಲಿ ಫ್ರಿಡ್ಜ್ ಇರಲಿಲ್ಲ, ಐಸ್ ತುಂಡು ಗೋಣಿಚೀಲದಲ್ಲಿ ಸುತ್ತಿ ಸೈಕಲ್ ಮೇಲೆ ತರುತ್ತಿದ್ದೆವು. ಬಕೆಟ್‌ಗೆ ಐಸ್ ಕುಟ್ಟಿ ಹಾಕಿ, ಅದು ಮುಳುಗುವಷ್ಟು ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು. ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ ಆಗಾಗ ತಿರುಗಿಸಬೇಕು. ಚೌಕಾಬಾರದ ಒಂದು ಆಟ ಮುಗಿಯುವಷ್ಟರಲ್ಲಿ ಹಲ್ಲು ಜುಮ್ಮೆನ್ನುತ್ತಿತ್ತು.

ಈ ಊರಿಗೆ ಬಿಯರ್ ಹೊಸದಲ್ಲ ಮಕ್ಕಳೇ. ಇಲ್ಲಿನ ಬಿಯರ್ ಕಂಪನಿ ಯುನೈಟೆಡ್ ಬ್ರೂವರೀಸ್ ಶುರುವಾದದ್ದೇ 1915ರಲ್ಲಿ. ಆಗ ಯಾರ ಮನೆಯಲ್ಲಿ ಫ್ರೀಜರ್ ಇತ್ತು?

ಸ್ಟ್ರಾಂಗ್ ಪಾರ್ಟಿ (5:22)

ಅಜ್ಜಾ, ನೀವು ಯಾವ ಬ್ರ್ಯಾಂಡ್ ಕುಡೀತಿದ್ರಿ ಅಂತ ಹೇಳಲೇ ಇಲ್ಲ.

ಗಾಂಧಿ ಬಜಾರ್ ಅಜ್ಜ (5:30)

ನಾನು ಶರಬತ್ತಿನ ಬಾಟಲಿ ಬಗ್ಗೆ ಮಾತಾಡುತ್ತಿದ್ದೆ.

ಅಳತೆ ರಾಯ (6:05)

ಅಜ್ಜನ ಮಾತು ಸರಿಯಾ ಅಂತ ಈಗಷ್ಟೇ ನೋಡಿದೆ. ಭಾನುವಾರ, ಬೇರೆ ಕೆಲಸ ಇರಲಿಲ್ಲ. ಬಿಯರ್ ಹಾಳು ಮಾಡಲು ಮನಸ್ಸು ಬರಲಿಲ್ಲ, ಖಾಲಿ ಬಾಟಲಿಗಳಿಗೆ ನೀರು ತುಂಬಿ, ಅಡುಗೆ ಥರ್ಮಾಮೀಟರ್ ಇಳಿಬಿಟ್ಟೆ. ನಲ್ಲಿ ನೀರೇ 29 ಡಿಗ್ರಿ ಇತ್ತು.

330 ಮಿಲಿಯದು ಫ್ರೀಜರ್‌ನಲ್ಲಿ 40 ನಿಮಿಷಕ್ಕೆ 9 ಡಿಗ್ರಿಗೆ ಬಂತು. 650 ಮಿಲಿಯದು ಒಂದು ಗಂಟೆ ಆದರೂ 10ರ ಮೇಲೇ ಇತ್ತು. ಐಸು, ನೀರು, ಉಪ್ಪಿನ ಬಕೆಟ್‌ನಲ್ಲಿ ಚಿಕ್ಕದು 10 ನಿಮಿಷ, ದೊಡ್ಡದು 18 ನಿಮಿಷ, ಎರಡೂ 5 ಡಿಗ್ರಿ. ತಿರುಗಿಸುತ್ತಾ ಕೂತಿದ್ದೆ, ಕೈ ಮರಗಟ್ಟಿತು. ಒದ್ದೆ ಪೇಪರ್ ಸುತ್ತಿ ಫ್ರೀಜರ್‌ನಲ್ಲಿ ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನುತ್ತಾರಲ್ಲ, ಅದನ್ನೂ ಚಿಕ್ಕದರಲ್ಲಿ ನೋಡಿದೆ. ಐದಾರು ನಿಮಿಷ ಉಳಿಯಿತು. ಆದರೆ ಪೇಪರ್ ಐಸ್ ಆಗಿ ತಟ್ಟೆಗೆ ಅಂಟಿತು. ಮೂರನೇ ಸ್ಟೇಜ್ ಅವರೇ, ನಿಮ್ಮ ಚಾಕು ನೆನಪಾಗಿ ಮುಟ್ಟಲಿಲ್ಲ.

ಲ್ಯಾಬ್ ಮೇಷ್ಟ್ರು (6:20)

ಬಕೆಟ್ ಗೆಲ್ಲಲು ಕಾರಣ ಉಪ್ಪಿಗಿಂತ ಮೊದಲು ನೀರು. ಗಾಳಿಗಿಂತ ನೀರು ಸುಮಾರು 24 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಫ್ರೀಜರ್ ಎಷ್ಟೇ ತಣ್ಣಗಿರಲಿ, ಬಾಟಲಿಯನ್ನು ಸುತ್ತುವರಿದಿರುವುದು ಬರೀ ಗಾಳಿ. ಹಾಗೇ, ನೀರಿಲ್ಲದೆ ಬರೀ ಐಸ್ ಗಡ್ಡೆ ತುಂಬಿದರೂ ಸಂದಿಯಲ್ಲೆಲ್ಲ ಗಾಳಿ ಇರುತ್ತದೆ. ಮದುವೆ ಮನೆಗಳಲ್ಲಿ ಜ್ಯೂಸ್ ಬಾಟಲಿಗೆ ಹೀಗೆ ಮಾಡಿ ಐಸ್ ದಂಡ ಮಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಉಪ್ಪಿನ ಕೆಲಸ ಎರಡನೆಯದು. ಐಸ್ ನೀರು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಉಪ್ಪು ಸಾಕಷ್ಟಿದ್ದರೆ ಮೈನಸ್ 21ರವರೆಗೂ ಹೋಗಬಹುದು, ಬಕೆಟ್‌ನಲ್ಲಿ ಅಷ್ಟು ಬರುವುದಿಲ್ಲ. ಹಾಗಾಗಿ ಅಲ್ಲೂ ಕ್ಯಾನ್ ಮರೆತರೆ ಐಸ್ ಆದೀತು. ಬರಿಗೈ ಜಾಸ್ತಿ ಹೊತ್ತು ಅದ್ದಬೇಡಿ. ಮೀನಿನ ಅಂಗಡಿಯ ಐಸ್ ತಂದರೂ ನಡೆಯುತ್ತದೆ, ಆದರೆ ಲೋಟಕ್ಕೆ ಹಾಕುವ ಐಸ್ ಅದಲ್ಲ. ಬಾಟಲಿಯ ಬಾಯನ್ನೂ ತೊಳೆದೇ ತೆಗೆಯಿರಿ.

ಮಾಲ್ಟ್ ಮಂಜ (7:10)

ಇಲ್ಲೇ ಒಂದು ಮೈಕ್ರೋಬ್ರೂವರಿಯಲ್ಲಿ (ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಜಾಗ) ಕೆಲಸ ಮಾಡುತ್ತೇನೆ. ಕುಡಿಯಬಹುದಾ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಮುಚ್ಚಳ ಎದ್ದಿರುವ ಸ್ಟ್ರಾಂಗ್ ಚೆಲ್ಲಿ. ಗ್ಯಾಸ್ ಹೋಗಿದೆ, ಗಾಳಿ ಸೇರಿದೆ. ವಿಷ ಅಲ್ಲ, ಆದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಅಷ್ಟೇ ಅಲ್ಲ, ಮುಚ್ಚಳವೇ ಎದ್ದಿದೆ ಅಂದರೆ ಬಾಯಿಯ ಅಂಚಿನ ಗಾಜು ಚಕ್ಕೆ ಎದ್ದಿರಬಹುದು. ಎಷ್ಟೋ ಸಲ ಕಣ್ಣಿಗೆ ಬೀಳಲ್ಲ.

ಅಂಟಿಕೊಂಡಿದ್ದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಪಾತ್ರೆಯೊಳಗೆ ನೇರವಾಗಿ ನಿಲ್ಲಿಸಿ. ಐಸ್ ತಾನಾಗಿ ಕರಗಲಿ. ಬಾಟಲಿ ಬಿರುಕು ಬಿಟ್ಟಿದ್ದರೆ ಕರಗಿದ ಮೇಲೆ ಸೋರುತ್ತದೆ, ಅಲ್ಲಿಯವರೆಗೆ ಐಸೇ ಗಾಜನ್ನು ಹಿಡಿದುಕೊಂಡಿರುತ್ತದೆ. ಒಳಗೆ ಬಿಳಿ ಚಕ್ಕೆ ತೇಲಿದರೆ ಅದು ಧಾನ್ಯದಿಂದ ಬಂದ ಪ್ರೋಟೀನ್ ಇರುವ ವಸ್ತು, ಫಂಗಸ್ ಅಲ್ಲ. ಕುಡಿದರೆ ತೊಂದರೆ ಇಲ್ಲ. ಖುಷಿಯೂ ಇಲ್ಲ. ನನ್ನನ್ನು ಕೇಳಿದರೆ ಈ ಬಾಟಲಿಯನ್ನೂ ಬಿಡಿ. ಪಕ್ಕದಲ್ಲೇ ಒಂದು ಒಡೆದಿದೆ, ಅದರ ಚೂರು ಇದರ ಬಾಯಿಯ ಸುತ್ತ ಇಲ್ಲ ಅಂತ ಯಾರು ಹೇಳುತ್ತಾರೆ?

ಅರ್ಧ ಐಸ್ ಆದಾಗ ಮೇಲಿನ ದ್ರವ ಮಾತ್ರ ಬಗ್ಗಿಸಿ ಕುಡಿಯುವವರು ಒಂದು ತಿಳಿದಿರಿ. ಐಸ್ ಆಗುವುದು ನೀರು, ಆಲ್ಕೋಹಾಲ್ ಎಲ್ಲ ಉಳಿದ ದ್ರವದಲ್ಲಿ. ಅದು ನೀವು ಕೊಂಡಿದ್ದಕ್ಕಿಂತ ಗಟ್ಟಿ ಮಾಲು. ಜರ್ಮನಿಯ ಕುಲ್ಮ್‌ಬಾಖ್ ಊರಿನವರು ಇದನ್ನೇ ಬೇಕಂತಲೇ ಮಾಡಿ 'ಐಸ್‌ಬಾಕ್' ಅಂತ ಹೆಸರಿಟ್ಟರು. ಚಳಿಗಾಲದಲ್ಲಿ ಕೆಲಸದ ಹುಡುಗನೊಬ್ಬ ಪೀಪಾಯಿಯನ್ನು ಹೊರಗೆ ಮರೆತು ಹೋದದ್ದರಿಂದ ಶುರುವಾಯಿತು ಅನ್ನುವ ಕಥೆ ಇದೆ. ಮರೆತವರು ನೀವೊಬ್ಬರೇ ಅಲ್ಲ.

ಇನ್ನು ಇಷ್ಟು ತಣ್ಣಗೆ ಯಾಕೆ ಬೇಕು ಅಂತ ನನಗೆ ಅರ್ಥ ಆಗಲ್ಲ. ಲಾಗರ್ (ಸಾಮಾನ್ಯವಾಗಿ ಸಿಗುವ ತಿಳಿ ಬಿಯರ್) 4ರಿಂದ 7 ಡಿಗ್ರಿಗೆ ಸಾಕು, ಸ್ಟೌಟ್ (ಕಪ್ಪು ಬಿಯರ್) ಆದರೆ 10 ಇದ್ದರೂ ಚೆನ್ನ. ನಾಲಿಗೆ ಮರಗಟ್ಟಿದರೆ ಮಾಲ್ಟಿನ (ಮೊಳಕೆ ಬರಿಸಿದ ಬಾರ್ಲಿ) ರುಚಿಯೂ ಇಲ್ಲ, ಹಾಪ್ಸ್ ಹೂವಿನ ಕಹಿಯೂ ಇಲ್ಲ. ನಾವು ವಾರಗಟ್ಟಲೆ ಕಾದು ಮಾಡಿದ್ದನ್ನು ಜನ ಐಸ್ ಮಾಡಿ ನೀರಿನ ಹಾಗೆ ಕುಡಿಯುತ್ತಾರೆ.

ಟೆರೇಸ್ ಗ್ಯಾಂಗ್ (7:18)

ಮಂಜಣ್ಣ, ಏಪ್ರಿಲ್‌ನಲ್ಲಿ ಟೆರೇಸ್ ಮೇಲೆ ಕೂತು ಹಾಪ್ಸ್ ಹುಡುಕೋಕೆ ಆಗಲ್ಲ. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿದೆ. ಇದು ಹಿಂದೆ ಎಲ್ಲರೂ ಹೇಳುತ್ತಿದ್ದ ಏರ್ ಕಂಡೀಷನ್ ಸಿಟಿ ಅಲ್ಲ ಈಗ.

ಮಾಲ್ಟ್ ಮಂಜ (7:25)

ಅದು ನಿಜ. ಬಿಸಿಲು ಅಂದದ್ದಕ್ಕೆ ಒಂದು ಮಾತು. ತಣ್ಣಗಾದ ಬಿಯರ್ ಮತ್ತೆ ಬೆಚ್ಚಗಾದರೆ ಕೆಟ್ಟೇ ಹೋಯಿತು ಅಂತ ಹೆದರಿ ಫ್ರೀಜರ್‌ಗೆ ತುರುಕುವವರಿದ್ದಾರೆ. ಒಂದೆರಡು ಸಲ ಹಾಗಾದರೆ ಏನೂ ಆಗಲ್ಲ. ಕೆಡಿಸುವುದು ಬೆಳಕು. ಹಸಿರು ಅಥವಾ ಬಿಳಿ ಬಾಟಲಿಯನ್ನು ಬಾಲ್ಕನಿ ಬಿಸಿಲಲ್ಲಿ ಇಟ್ಟು ನೋಡಿ, ಸ್ವಲ್ಪ ಹೊತ್ತಿಗೇ ಗಬ್ಬು ವಾಸನೆ. ಕಂದು ಬಾಟಲಿ ತಡೆಯುತ್ತದೆ, ಕ್ಯಾನ್‌ಗೆ ಆ ಭಯವೇ ಇಲ್ಲ. ಬೆಳಿಗ್ಗೆಯೇ ತಂದು ಕೆಳಗಿನ ಶೆಲ್ಫ್‌ನಲ್ಲಿ ಇಟ್ಟರೆ ಸಂಜೆಗೆ ಸರಿಯಾಗಿರುತ್ತದೆ.

ಸುಮ್ನೆ ಓದೋನು (7:41)

ಫ್ರಾಸ್ಟ್ ಫ್ರೀ ಡಬಲ್ ಡೋರ್ ಇರುವವರಿಗೆ ಚಾಕು ಭಯ ಇಲ್ಲ ತಾನೇ?

ಫ್ರಿಡ್ಜ್ ರಿಪೇರಿಯವನು (8:02)

ಕಾಯಿಲ್ ಪ್ಯಾನಲ್ ಹಿಂದೆ ಇರುತ್ತದೆ, ಚಾಕು ಅಷ್ಟು ಸುಲಭಕ್ಕೆ ತಾಗುವುದಿಲ್ಲ. ಆದರೆ ಬಿಯರ್ ಗಾಳಿ ಬರುವ ಸಂದಿಯಲ್ಲಿ ಇಳಿದು, ನೀರು ಹೋಗುವ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಕೆಳಗೆ ತರಕಾರಿ ಟ್ರೇಗೆ ನೀರು ಸೋರುತ್ತದೆ, ಫ್ಯಾನ್ ಐಸ್‌ಗೆ ತಾಗಿ ಕಟಕಟ ಅನ್ನುತ್ತದೆ, ಹುಳಿ ವಾಸನೆ ಬೇರೆ.

ಯಾವ ಫ್ರಿಡ್ಜ್ ಆದರೂ ಅಂಟಿದ್ದನ್ನು ಮೀಟಬೇಡಿ. ಸಿಂಗಲ್ ಡೋರ್‌ನಲ್ಲಿ ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿಯ ಮಧ್ಯೆ ಡಿಫ್ರಾಸ್ಟ್ (ಐಸ್ ಕರಗಿಸುವ) ಬಟನ್ ಇರುತ್ತದೆ, ಒತ್ತಿ ಬಿಡಿ. ಅವಸರ ಇದ್ದರೆ ಸ್ವಿಚ್ ಆಫ್ ಮಾಡಿ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡಿ. ಎರಡು ಗಂಟೆಯಲ್ಲಿ ತಾನಾಗಿ ಬಿಡುತ್ತದೆ.

ಸ್ಟ್ರಾಂಗ್ ಪಾರ್ಟಿ (8:30)

ಎಲ್ಲರೂ ಬುದ್ಧಿವಂತರಾಗಿದ್ದೀರಿ. ಮರೆಯದೆ ಇರೋದು ಹೇಗೆ ಅಂತ ಒಬ್ಬರೂ ಹೇಳಲಿಲ್ಲ. ಮೊಬೈಲ್ ಅಲಾರಂ ಇಟ್ಟರೆ ಮ್ಯಾಚ್ ಮಧ್ಯೆ ಆಫ್ ಮಾಡಿ ಮತ್ತೆ ಮರೀತೀವಿ. ನಾನು ಮಾಡೋದು ಹೇಳ್ತೀನಿ. ಕಾಂಗ್ರೆಸ್ ಕಡಲೆಬೀಜದ ಪೊಟ್ಟಣವನ್ನೂ ಬಾಟಲಿ ಜೊತೆಗೇ ಫ್ರೀಜರ್‌ನಲ್ಲಿ ಇಡ್ತೀನಿ. ಬಿಯರ್ ಮರೆಯಬಹುದು, ನೆಂಚಿಕೊಳ್ಳೋಕೆ ಏನಿದೆ ಅಂತ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ.

ಅಳತೆ ರಾಯ (8:34)

ಈ ಇಡೀ ಚರ್ಚೆಯಲ್ಲಿ ಬಂದ ಮೊದಲ ವೈಜ್ಞಾನಿಕ ಸಲಹೆ.

ಮೂರನೇ ಸ್ಟೇಜ್ (ಮಂಗಳವಾರ, ರಾತ್ರಿ 9:20)

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೆಕ್ಯಾನಿಕ್ ಬಂದಿದ್ದರು. ತೂತು ಅಕ್ಕಿಕಾಳಿನಷ್ಟೂ ಇಲ್ಲ. ಬಂದವರೇ ಫ್ರೀಜರ್ ನೋಡಿ "ಬಿಯರಾ, ಐಸ್ ಟ್ರೇನಾ?" ಅಂತ ಕೇಳಿದರು. ನಾನು ಐಸ್ ಟ್ರೇ ಅಂದೆ. ಅಮ್ಮ ಒಳಗಿನಿಂದ "ಬಿಯರು" ಅಂದರು.

ಕಂಪ್ರೆಸರ್ ಓಡಿದ್ದನ್ನು ಹೇಳಿದೆ. ತೂತು ಮುಚ್ಚಿ, ಫಿಲ್ಟರ್ ಬದಲಾಯಿಸಿ, ಮುಕ್ಕಾಲು ಗಂಟೆ ವ್ಯಾಕ್ಯೂಮ್ ಹಾಕಿ, ಆಮೇಲೆ ಗ್ಯಾಸ್ ತೂಕ ಮಾಡಿ ತುಂಬಿದರು. ಒಟ್ಟು 3,800 ರೂಪಾಯಿ. ಮೂರು ಬಾಟಲಿ ಬಿಯರ್‌ಗೆ ಅಷ್ಟಾಯಿತು, ಒಂದು ಗುಟುಕೂ ಕುಡಿದಿಲ್ಲ. ಮೂರನ್ನೂ ಎಸೆದೆ. ಹಿಟ್ಟಿನ ಉಂಡೆ ಕೆಲಸ ಮಾಡಿತು, ರಬ್ಬರ್ ಸಂದಿಯಲ್ಲಿ ನಿಜವಾಗಿಯೂ ಎರಡು ಚೂರು ಸಿಕ್ಕಿತು.

ಅವರೆಕಾಳು ನಾಲ್ಕೂ ಪ್ಯಾಕೆಟ್ ಹೋಯಿತು. ತೆಂಗಿನತುರಿ ಸ್ಟೀಲ್ ಡಬ್ಬಿಯಲ್ಲಿತ್ತು, ಉಳಿಯಿತು. ಮಾರ್ಕೆಟ್‌ನಲ್ಲಿ ವಿಚಾರಿಸಿದೆ, ಸೊಗಡಿನ ಅವರೆ ಇನ್ನು ಡಿಸೆಂಬರ್‌ಗೇ. ಅಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಫ್ರೀಜರ್‌ನಲ್ಲಿ ಈಗ ಜಾಗ ಇದೆ, ಆದರೆ ಅಲ್ಲಿಗೆ ಕೈ ಹಾಕುವ ಧೈರ್ಯ ನನಗಿಲ್ಲ.

ರಾಜಾಜಿನಗರದ ಸೊಸೆ (9:34)

ನಮ್ಮ ಫ್ರೀಜರ್‌ನಲ್ಲಿ ಎರಡು ಪ್ಯಾಕೆಟ್ ಹಿತಕವರೆ ಇದೆ. ಒಂದು ಅಮ್ಮನಿಗೆ ಕೊಡ್ತೀನಿ, ಮೆಸೇಜ್ ಮಾಡಿ, ಭಾನುವಾರ ಬಂದು ತಗೊಂಡು ಹೋಗಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಪ್ಯಾಕೆಟ್ ಅವರ ಕೈಗೇ ಕೊಡ್ತೀನಿ, ನಿಮ್ಮ ಕೈಗಲ್ಲ.